ಲಂಡನ್ನಿನಲ್ಲಿ ನಾಯಿಯನ್ನು ಒಳಗೆ ಬಿಡುವ ಪಬ್ಬು ಹುಡುಕೋದು ಹೇಗೆ?

ನಮ್ಮ ನಾಯಿ ರಾಗಿಯ ಫೋಟೊ ಹಾಕಿದಾಗಲೆಲ್ಲ ಒಂದೇ ಪ್ರಶ್ನೆ. "ಅಕ್ಕಾ, ನಾಯಿನ ಪಬ್ ಒಳಗೇ ಬಿಡ್ತಾರಾ? ಇಂಥ ಜಾಗ ಎಲ್ಲಿ ಹುಡುಕ್ತೀರಿ?" ಬೆಂಗಳೂರಿನಿಂದ ಕೇಳುವವರಿಗೆ ಅದು ಸುಮ್ನೆ ಕುತೂಹಲ. ಇಲ್ಲಿಗೆ ಹೊಸದಾಗಿ ಬಂದು ನಾಯಿ ಸಾಕಿಕೊಂಡ ನಮ್ಮವರಿಗೆ ನಿಜವಾದ ತಲೆನೋವು. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಬೆರಳು ಸವೆದಿದೆ. ಇಲ್ಲೇ ಬರೆದುಬಿಡುತ್ತೇನೆ, ಇನ್ಮೇಲೆ ಲಿಂಕ್ ಕಳಿಸಿದರಾಯಿತು.

ರಾಗಿ ನಮ್ಮ ಮನೆಯ ಗ್ರೇಹೌಂಡ್. ರೇಸ್ ಓಡಿ ನಿವೃತ್ತಿಯಾದವಳು. ಬಣ್ಣ ಥೇಟ್ ರಾಗಿ ಮುದ್ದೆಯದ್ದು, ಹೆಸರು ಬಂದದ್ದೂ ಹಾಗೇ. ಮೂವತ್ತು ಕಿಲೋ ತೂಗುತ್ತಾಳೆ. ಈ ತೂಕದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಪಬ್ಬು ಹುಡುಕಬೇಡಿ, ಪಾರ್ಕು ಹುಡುಕಿ. ದೊಡ್ಡ ಬಯಲೋ ನದಿ ದಂಡೆಯೋ ಇರುವ ಕಡೆ ಸುತ್ತಮುತ್ತಲ ಜನ ದಿನಾ ನಾಯಿ ಓಡಾಡಿಸುತ್ತಾರೆ. ಆ ಜನರೇ ಹತ್ತಿರದ ಪಬ್ಬಿನ ಖಾಯಂ ಗಿರಾಕಿಗಳು. ಅವರ ನಾಯಿಯನ್ನು ಬೇಡ ಅಂದರೆ ಚಳಿಗಾಲದ ಮಂಗಳವಾರ ಮಧ್ಯಾಹ್ನ ಆ ಪಬ್ಬಿಗೆ ಯಾರೂ ಬರೋದಿಲ್ಲ. ಅದೇ ಆಫೀಸುಗಳ ನಡುವೆ ಇರುವ ಪಬ್ಬಿಗೆ ನಾಯಿಯಿಂದ ಏನೂ ಲಾಭವಿಲ್ಲ. ಗುರುವಾರ ಸಂಜೆ ಅಲ್ಲಿ ಸೂಟು ಹಾಕಿದವರು ಒಬ್ಬರ ಕಾಲ ಮೇಲೆ ಒಬ್ಬರು ನಿಂತಿರುತ್ತಾರೆ. ನಾಯಿಗೆ ಒಳಗೆ ಪ್ರವೇಶ ಇದ್ದರೂ ಅದರ ಬಾಲಕ್ಕೆ ಜಾಗ ಇರೋದಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಪಬ್ಬಿನೊಳಗೆ ನಾಯಿ ಬರಬಾರದು ಅಂತ ಇಂಗ್ಲೆಂಡಿನಲ್ಲಿ ಯಾವ ಕಾನೂನೂ ಇಲ್ಲ. ಅಡುಗೆ ಮಾಡುವ, ಆಹಾರ ಇಡುವ ಜಾಗಕ್ಕೆ ಪ್ರಾಣಿ ಬರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಮಿಕ್ಕದ್ದೆಲ್ಲ ಪಬ್ಬು ನಡೆಸುವವರ ಇಷ್ಟ. ಕಣ್ಣು ಕಾಣದವರ ಗೈಡ್ ಡಾಗ್‌ನಂಥ ಸಹಾಯಕ ನಾಯಿಗಳ ಮಾತು ಬೇರೆ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅವನ್ನು ಬಾಗಿಲಲ್ಲಿ ತಡೆಯುವ ಹಾಗಿಲ್ಲ. ಅದನ್ನು ಬಿಟ್ಟರೆ ಯಜಮಾನರು ಹ್ಞೂಂ ಅಂದರೆ ಹ್ಞೂಂ, ಊಹ್ಞೂಂ ಅಂದರೆ ಊಹ್ಞೂಂ. ವಾದ ಮಾಡಿ ಪ್ರಯೋಜನ ಇಲ್ಲ.

ಇಲ್ಲಿಗೆ ಬಂದ ನಮ್ಮ ವಿದ್ಯಾರ್ಥಿಗಳು ಮೊದಲು ಕಲಿಯುವ ಪಬ್ಬು ವೆದರ್‌ಸ್ಪೂನ್. ಬಿಯರ್ ಅಗ್ಗ, ಊರೂರಿಗೂ ಇದೆ. ಅದನ್ನು ನಾಯಿ ಲೆಕ್ಕದಿಂದ ತೆಗೆದುಬಿಡಿ. ಸಹಾಯಕ ನಾಯಿ ಬಿಟ್ಟು ಬೇರೆ ನಾಯಿ ಬೇಡ ಅನ್ನುವ ನಿಯಮವನ್ನು ಅವರು 2018ರಿಂದ ಗಟ್ಟಿಯಾಗಿ ಜಾರಿಗೆ ತಂದಿದ್ದಾರೆ, ಹೊರಗಿನ ಗಾರ್ಡನ್ನಿಗೂ ಸೇರಿಸಿ. ಅದು ಅವರ ಆಯ್ಕೆ, ನನಗೇನೂ ಬೇಜಾರಿಲ್ಲ. ಬೋರ್ಡು ನೋಡಿದ ಕೂಡಲೇ ಗೊತ್ತಾಗುತ್ತಲ್ಲ, ಅದೇ ಅನುಕೂಲ. ಫುಲ್ಲರ್ಸ್, ಯಂಗ್ಸ್ ಅನ್ನುವ ಲಂಡನ್ನಿನ ಹಳೇ ಹೆಸರುಗಳ ಪಬ್ಬುಗಳು ಬಹುಪಾಲು ನಾಯಿಯ ಪರ.

ಕಷ್ಟ ಇರೋದು ಮಧ್ಯದವುಗಳಲ್ಲಿ. ವೆಬ್‌ಸೈಟಿನಲ್ಲಿ ಪಂಜದ ಚಿತ್ರ ಹಾಕಿರುತ್ತಾರೆ. ಹೋಗಿ ನೋಡಿದರೆ ಅದು ಹಿಂದಿನ ಗಾರ್ಡನ್ನಿಗೆ ಮಾತ್ರ. ಜನವರಿ ತಿಂಗಳು, ನಾಲ್ಕೂವರೆಗೆಲ್ಲ ಕತ್ತಲು, ಜಿಟಿಜಿಟಿ ಮಳೆ. ಗಾರ್ಡನ್ ಇಟ್ಟುಕೊಂಡು ಏನು ಮಾಡೋದು ಹೇಳಿ? ಇನ್ನು ಕೆಲವು ಕಡೆ ಬಾರ್ ಭಾಗಕ್ಕೆ ಬಿಡುತ್ತಾರೆ, ಊಟದ ಕೋಣೆಗೆ ಬಿಡೋದಿಲ್ಲ. ಇದಕ್ಕೆ ಹಿನ್ನೆಲೆ ಇದೆ. ಮೊದಲು ಪಬ್ಬು ಅಂದರೆ ಕುಡಿಯುವ ಜಾಗ. ತಿನ್ನೋದಕ್ಕೆ ಚಿಪ್ಸು, ಕಡಲೆಬೀಜ. 1991ರಲ್ಲಿ ಫ್ಯಾರಿಂಗ್ಡನ್ ರಸ್ತೆಯ ದಿ ಈಗಲ್ ಅನ್ನುವ ಪಬ್ಬು ಒಳ್ಳೆ ಊಟ ಹಾಕೋಕೆ ಶುರು ಮಾಡಿತು. ಗ್ಯಾಸ್ಟ್ರೋಪಬ್ ಅನ್ನುವ ಹೆಸರು ಅಲ್ಲಿಂದ ಹಬ್ಬಿತು. 2007ರ ಜುಲೈನಲ್ಲಿ ಒಳಗೆ ಸಿಗರೇಟು ಬಂದ್ ಆಯಿತು. ಆಮೇಲಂತೂ ಎಷ್ಟೋ ಪಬ್ಬುಗಳು ಊಟವನ್ನೇ ನೆಚ್ಚಿಕೊಂಡವು. ಊಟದ ಕೋಣೆ ದೊಡ್ಡದಾದಷ್ಟೂ ನಾಯಿಯ ಜಾಗ ಚಿಕ್ಕದಾಯಿತು.

ಹಾಗಾಗಿ ನಾನು ಬೋರ್ಡು ಓದೋದಿಲ್ಲ, ಕಿಟಕಿಯಿಂದ ಒಳಗೆ ಇಣುಕುತ್ತೇನೆ. ಟೇಬಲ್ ಮೇಲೆ ಬಟ್ಟೆಯ ನ್ಯಾಪ್‌ಕಿನ್ ಮಡಿಸಿಟ್ಟು, ವೈನ್ ಗ್ಲಾಸು ಮೊದಲೇ ಜೋಡಿಸಿಟ್ಟಿದ್ದರೆ ಅಲ್ಲಿ ನಿಮಗೂ ನಾಯಿಗೂ ಆರಾಮ ಇರೋದಿಲ್ಲ. ಟೇಬಲ್ ಖಾಲಿ, ಮೇಲೆ ಗ್ಲಾಸಿನಡಿ ಇಡುವ ಬಿಯರ್ ಮ್ಯಾಟ್ ಬಿಟ್ಟು ಏನೂ ಇಲ್ಲ, ಕೆಳಗೆ ಹಲಗೆ ನೆಲವೋ ಕಲ್ಲು ಚಪ್ಪಡಿಯೋ ಇದ್ದರೆ ಒಳ್ಳೇ ಲಕ್ಷಣ. ಬಾಗಿಲ ಪಕ್ಕ ನೀರಿನ ಬಟ್ಟಲು ಇದ್ದರೆ ಅದರೊಳಗೂ ನೋಡಿ. ನೀರು ತಿಳಿಯಾಗಿದ್ದರೆ ಯಾರೋ ಬೆಳಿಗ್ಗೆ ಬದಲಾಯಿಸಿದ್ದಾರೆ, ಒಳಗೆ ನಾಯಿ ಇಷ್ಟಪಡುವವರು ಒಬ್ಬರಾದರೂ ಇದ್ದಾರೆ ಅಂತ ಅರ್ಥ. ಎಲೆ, ಸಿಗರೇಟು ತುಂಡು ಬಿದ್ದಿದ್ದರೆ ಆ ಬಟ್ಟಲು ಬರೀ ಅಲಂಕಾರ.

ದೂರದಿಂದ ಹೋಗೋದಾದರೆ ಫೋನ್ ಮಾಡಿ. ಆದರೆ "ನಾಯಿ ಬಿಡ್ತೀರಾ?" ಅಂತ ಕೇಳಬೇಡಿ. ಹ್ಞೂಂ ಅಂತಲೇ ಹೇಳುತ್ತಾರೆ. "ಭಾನುವಾರ ಒಂದು ಗಂಟೆಗೆ, ಒಳಗೆ, ದೊಡ್ಡ ನಾಯಿ ಜೊತೆ ಊಟಕ್ಕೆ ಕೂರಬಹುದಾ?" ಅಂತ ಕೇಳಿ. ಆಗ ಆ ಕಡೆಯವರು ಒಂದು ಕ್ಷಣ ಯೋಚನೆ ಮಾಡುತ್ತಾರೆ. ಆಮೇಲೆ ಬರುವ ಉತ್ತರವನ್ನು ನಂಬಬಹುದು.

ಈಗ ತೂಕದ ವಿಷಯ. ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನಲ್ಲಿ ನಾಯಿಗೆ ಟಿಕೆಟ್ ಇಲ್ಲ, ಪುಕ್ಕಟೆ. ಆದರೆ ಎಸ್ಕಲೇಟರಿನಲ್ಲಿ ನಾಯಿಯನ್ನು ಎತ್ತಿಕೊಳ್ಳಲೇಬೇಕು. ಮೆಟ್ಟಿಲಿನ ಹಲ್ಲುಗಳ ನಡುವೆ ಪಂಜ, ಉಗುರು ಸಿಕ್ಕಿಕೊಂಡರೆ ಗತಿ ಏನು? ನಿಯಮ ಸರಿಯಾದದ್ದೇ. ಪುಟಾಣಿ ಡ್ಯಾಕ್ಸ್‌ಹುಂಡ್ ಸಾಕಿದವರು ಕಂಕುಳಲ್ಲಿ ಇಟ್ಟುಕೊಂಡು ಹೋಗಿಬಿಡುತ್ತಾರೆ. ಮೂವತ್ತು ಕಿಲೋ ಗ್ರೇಹೌಂಡನ್ನು, ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ನೇತಾಡುತ್ತಿರುವಾಗ, ಎತ್ತಿಕೊಂಡು ನಿಲ್ಲೋದು ನನ್ನ ಕೈಲಿ ಆಗದ ಮಾತು. ಹಾಗಾಗಿ ನನ್ನ ಪಬ್ಬಿನ ಪಟ್ಟಿ ತಯಾರಾಗಿದ್ದು ಬಿಯರ್ ನೋಡಿಕೊಂಡಲ್ಲ, ಲಿಫ್ಟ್ ನೋಡಿಕೊಂಡು. ಬಸ್ಸಿನಲ್ಲೂ ಹೋಗಬಹುದು, ಡ್ರೈವರ್ ಒಪ್ಪಬೇಕು ಅಷ್ಟೇ. ಬಹಳಷ್ಟು ಸಲ ಒಪ್ಪುತ್ತಾರೆ.

ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ನನಗೆ ಒಲಿದದ್ದು ಇದೇ ಕಾರಣಕ್ಕೆ. ಅಲ್ಲಿನ ಸ್ಟೇಷನ್ನು ಇಡೀ ಟ್ಯೂಬ್‌ನಲ್ಲೇ ಅತ್ಯಂತ ಆಳದ್ದು, ನೆಲದಿಂದ 58.5 ಮೀಟರ್ ಕೆಳಗೆ. ಎಸ್ಕಲೇಟರ್ ಇಲ್ಲವೇ ಇಲ್ಲ, ಮೇಲಕ್ಕೆ ಹೋಗೋದಕ್ಕೆ ಲಿಫ್ಟೇ. ಸುರುಳಿ ಮೆಟ್ಟಿಲೂ ಇದೆ, 320. ನಾಯಿಗೆ ಹುಮ್ಮಸ್ಸಿದ್ದರೂ ನೀವು ಬೇಡ. ಹೊರಗೆ ಬಂದು ಹೀತ್ ಸ್ಟ್ರೀಟ್ ಹತ್ತಿದರೆ ಹ್ಯಾಂಪ್‌ಸ್ಟೆಡ್ ಹೀತ್. 320 ಹೆಕ್ಟೇರ್ ಕಾಡು, ಬಯಲು, ಕೆರೆ. ಅಲ್ಲಿ ಸುತ್ತಾಡಿಸಿ ಸುಸ್ತು ಮಾಡಿ, ಆಮೇಲೆ ಸ್ಪ್ಯಾನಿಯಾರ್ಡ್ಸ್ ಇನ್ ಕಡೆ ತಿರುಗಿ. 1585ರ ಪಬ್ಬು ಅಂತ ಹೇಳಿಕೊಳ್ಳುತ್ತಾರೆ. ಬಾಗಿಲು, ಸೂರು ಎಲ್ಲ ತಗ್ಗು, ಉದ್ದ ಇದ್ದವರು ತಲೆ ನೋಡಿಕೊಳ್ಳಿ. ಅಲ್ಲಿ ನಾಯಿ ಇಲ್ಲದ ವಾರಾಂತ್ಯ ನಾನಂತೂ ಕಂಡಿಲ್ಲ. ಒಂದು ಎಚ್ಚರಿಕೆ: ಪಬ್ಬಿನ ಎದುರಿಗೇ ಹಳೇ ಸುಂಕದ ಕಟ್ಟೆ ಇದೆ. ಅವೆರಡರ ನಡುವೆ ರಸ್ತೆ ಎಷ್ಟು ಕಿರಿದಾಗುತ್ತದೆ ಅಂದರೆ ಒಂದು ಸಲಕ್ಕೆ ಒಂದೇ ಗಾಡಿ ಹೋಗಬೇಕು, 210 ನಂಬರ್ ಬಸ್ಸೂ ಅಲ್ಲೇ ನುಸುಳುತ್ತದೆ. ಆ ಜಾಗದಲ್ಲಿ ಬೆಲ್ಟು ಗಿಡ್ಡ ಹಿಡಿಯಿರಿ. ನಡೆಯೋಕೆ ಬೇಜಾರಾದರೆ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಹಾಲಿ ಬುಷ್ ಅನ್ನುವ ಪಬ್ಬು ಇದೆ. ಮರದ ಪುಟ್ಟ ಪುಟ್ಟ ಕೋಣೆಗಳು, ನನಗೆ ಅದೇ ಜಾಸ್ತಿ ಇಷ್ಟ.

ವಿಂಬಲ್ಡನ್ ಅಂದರೆ ಟೆನಿಸ್ ಒಂದೇ ಅಲ್ಲ. ಮೇಲಿನ ವಿಲೇಜ್ ಅನ್ನುವ ಹಳೇ ಪೇಟೆ ದಾಟಿದರೆ ದೊಡ್ಡ ಕಾಮನ್, ಅಂದರೆ ಎಲ್ಲರಿಗೂ ತೆರೆದ ಬಯಲು, ಇದೆ. ಅದರ ಅಂಚಿನಲ್ಲಿ ಕ್ರುಕೆಡ್ ಬಿಲೆಟ್, ಹ್ಯಾಂಡ್ ಇನ್ ಹ್ಯಾಂಡ್ ಅಂತ ಎರಡು ಪಬ್ಬುಗಳು ಅಕ್ಕಪಕ್ಕ. ಮುಂದೆ ಒಂದು ತುಂಡು ಹುಲ್ಲು. ಬಿಸಿಲು ಬಂದರೆ ಜನ ಗ್ಲಾಸು ಹಿಡಿದು ಹುಲ್ಲಿನ ಮೇಲೇ ಕೂರುತ್ತಾರೆ, ನಾಯಿಗಳು ಒಂದರ ಬೆಲ್ಟಿಗೆ ಇನ್ನೊಂದು ಸಿಕ್ಕಿಕೊಂಡು ಯಾವ ನಾಯಿ ಯಾರದ್ದು ಅಂತ ಗೊತ್ತಾಗೋದಿಲ್ಲ.

ರಿಚ್‌ಮಂಡ್‌ನಲ್ಲಿ ನದಿ ದಂಡೆಯ ವೈಟ್ ಕ್ರಾಸ್ ಪಬ್ಬು ಇದೆ. ಸಮುದ್ರದ ಉಬ್ಬರ ಥೇಮ್ಸ್ ನದಿಯಲ್ಲಿ ಅಲ್ಲಿವರೆಗೂ ಬರುತ್ತದೆ. ದೊಡ್ಡ ಉಬ್ಬರದ ದಿನ ದಂಡೆಯ ದಾರಿ ಮುಳುಗಿ ನೀರು ಪಬ್ಬಿನ ಮೆಟ್ಟಿಲಿಗೆ ಬಡಿಯುತ್ತದೆ. ಒಳಗಿದ್ದವರು ನೀರು ಇಳಿಯುವವರೆಗೆ ಇನ್ನೊಂದು ಪೈಂಟ್ ಬಿಯರ್ ತಗೊಳ್ಳುತ್ತಾರೆ. ಲ್ಯಾಬ್ರಡಾರ್‌ಗೆ ಇದು ಹಬ್ಬ. ರಾಗಿಗೆ ಪಂಜ ಒದ್ದೆಯಾದರೆ ಜೀವವೇ ಹೋದ ಹಾಗೆ, ಅದಕ್ಕೆ ಹೊರಡುವ ಮೊದಲು ಉಬ್ಬರದ ವೇಳೆ ನೋಡಿಕೊಳ್ಳುತ್ತೇನೆ. ಪಕ್ಕದ ರಿಚ್‌ಮಂಡ್ ಪಾರ್ಕಿನಲ್ಲಿ ಜಿಂಕೆಗಳಿವೆ, ಮರಿ ಹಾಕುವ ಬೇಸಿಗೆಯಲ್ಲಿ ನಾಯಿಯನ್ನು ಬೆಲ್ಟು ಬಿಚ್ಚಿ ಬಿಡುವ ಹಾಗಿಲ್ಲ. ಗ್ರೇಹೌಂಡ್ ಆದರೆ ವರ್ಷವಿಡೀ ಬಿಡಬೇಡಿ.

ಒಳಗೆ ಹೋದ ಮೇಲೆ? ಗೋಡೆ ಬದಿಯ ಟೇಬಲ್ ಹಿಡಿಯಿರಿ. ಅಡುಗೆಮನೆ ಬಾಗಿಲ ದಾರಿ ಬೇಡ, ತಟ್ಟೆ ಹಿಡಿದವರು ನಾಯಿ ದಾಟಿಕೊಂಡು ಓಡಾಡಬೇಕಾಗುತ್ತದೆ. ಒಂದು ಹಳೇ ಕಂಬಳಿ ತಗೊಂಡು ಹೋಗಿ. ಗ್ರೇಹೌಂಡಿಗೆ ಮೈಯಲ್ಲಿ ಮಾಂಸಕ್ಕಿಂತ ಮೂಳೆ ಜಾಸ್ತಿ, ಕಲ್ಲು ನೆಲದ ಮೇಲೆ ಮಲಗೋದೇ ಇಲ್ಲ, ಗಂಟೆಗಟ್ಟಲೆ ನಿಂತೇ ಇರುತ್ತದೆ. ಬೇರೆ ನಾಯಿಗಳಿಗೂ ಕಂಬಳಿ ಹಾಸಿದರೆ 'ಇದು ನನ್ನ ಜಾಗ' ಅಂತ ಗೊತ್ತಾಗುತ್ತದೆ. ಇಲ್ಲಿ ಬಾರ್‌ಗೆ ನಾವೇ ಹೋಗಿ ಆರ್ಡರ್ ಕೊಡಬೇಕು. ಒಬ್ಬರೇ ಇದ್ದರೆ ನಾಯಿಯನ್ನೂ ಕರೆದುಕೊಂಡು ಹೋಗಿ. ಕುರ್ಚಿ ಕಾಲಿಗೆ ಕಟ್ಟಿ ಹೋದರೆ ಕುರ್ಚಿ ಸಮೇತ ನಿಮ್ಮ ಹಿಂದೆಯೇ ಬರುತ್ತದೆ. ಎಷ್ಟೋ ಕಡೆ ಬಾರ್ ಮೇಲೆ ನಾಯಿ ಬಿಸ್ಕತ್ತಿನ ಜಾಡಿ ಇಟ್ಟಿರುತ್ತಾರೆ, ಅಲ್ಲಿಗೆ ಹೋದರೆ ನಾಯಿಗೂ ಲಾಭ.

ತಿಂಡಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಂಟು ಮೋರೆ. ಪಕ್ಕದ ಟೇಬಲ್‌ನವರು ಪ್ರೀತಿಯಿಂದ ಏನಾದರೂ ಕೊಡೋಕೆ ಬರುತ್ತಾರೆ. ಈರುಳ್ಳಿ ನಾಯಿಗೆ ವಿಷ. ಸಂಡೇ ರೋಸ್ಟ್ ಅನ್ನುವ ಭಾನುವಾರದ ಊಟದ ಮೇಲೆ ಸುರಿಯುವ ಗ್ರೇವಿಯಲ್ಲಿ, ಚೀಸ್ ಅಂಡ್ ಆನಿಯನ್ ಚಿಪ್ಸಿನಲ್ಲಿ ಅದು ಇದ್ದೇ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಅಷ್ಟೇ, ಹಾಗಾಗಿ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಪುಡ್ಡಿಂಗ್ (ಒಣದ್ರಾಕ್ಷಿ ತುಂಬಿದ ಸಿಹಿ) ದೂರ ಇಡಿ. ಬಿಯರ್ ನೆಕ್ಕಿಸೋದು ತಮಾಷೆ ಅಂದುಕೊಂಡವರು ಇದ್ದಾರೆ. ಆಲ್ಕೋಹಾಲ್ ಒಂದು ಕಡೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಕೂಡ ನಾಯಿಗೆ ಆಗಬರೋದಿಲ್ಲ. ನಗುನಗುತ್ತಲೇ ಗ್ಲಾಸು ಪಕ್ಕಕ್ಕೆ ಸರಿಸಿ.

ಮ್ಯಾಚ್ ಇರುವ ಸಂಜೆ ಬೇಡ. ಗೋಲು ಬಿದ್ದಾಗ ಪಬ್ಬು ಪೂರ್ತಿ ಒಟ್ಟಿಗೆ ಕಿರುಚುತ್ತದೆ, ನಾಯಿಗೆ ಅದು ಫುಟ್‌ಬಾಲ್ ಅಂತ ಗೊತ್ತಿರೋದಿಲ್ಲ. ಪಟಾಕಿಯ ನವೆಂಬರ್ 5ರಂದು ಮನೆಯಲ್ಲೇ ಇರಿ. ವಾರದ ದಿನ ಮಧ್ಯಾಹ್ನ ಮೂರರಿಂದ ಐದು ಒಳ್ಳೇ ಹೊತ್ತು. ಊಟದವರು ಎದ್ದಿರುತ್ತಾರೆ, ಆಫೀಸಿನವರು ಬಂದಿರೋದಿಲ್ಲ. ಇನ್ನೊಂದು ತಮಾಷೆ: ಕೆಲವು ಪಬ್ಬುಗಳಲ್ಲಿ ರಾತ್ರಿ ಎಂಟರ ಮೇಲೆ ಮಕ್ಕಳನ್ನು ಬಿಡೋದಿಲ್ಲ, ನಾಯಿಗೆ ಅಡ್ಡಿಯಿಲ್ಲ. ಮಗುವನ್ನೂ ನಾಯಿಯನ್ನೂ ಕರೆದುಕೊಂಡು ಹೋದ ನನ್ನ ಗೆಳತಿ ಇದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಬೆಕ್ಕಿನ ಬಗ್ಗೆಯೂ ಒಂದು ಮಾತು ಕೇಳಿಕೊಳ್ಳಿ. ಕೆಲವು ಪಬ್ಬುಗಳಲ್ಲಿ ಯಜಮಾನಿಕೆ ಅದರದ್ದೇ. ಹೈಕೋರ್ಟ್ ಹಿಂದಿನ ಕೇರಿ ಸ್ಟ್ರೀಟ್‌ನಲ್ಲಿರುವ ಸೆವೆನ್ ಸ್ಟಾರ್ಸ್ ತನ್ನ ಬೆಕ್ಕಿಗೇ ಹೆಸರುವಾಸಿ. ಮೊದಲನೇ ಎಲಿಜಬೆತ್ ರಾಣಿ ಕಾಲದವರ ಹಾಗೆ ಕುತ್ತಿಗೆಗೆ ನೆರಿಗೆಯ ಬಿಳಿ ಕಾಲರ್ ತೊಟ್ಟು ಕೂತ ಬೆಕ್ಕಿನ ಚಿತ್ರ ನೀವೂ ನೋಡಿರಬಹುದು. ಅಂಥ ಕಡೆಗೆ ನಾನು ರಾಗಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ನಮ್ಮವರ ಜೊತೆ ಹೋಗುವಾಗ ಇನ್ನೂ ಒಂದು ಸಂಗತಿ ಇದೆ. ನಾಯಿ ಕಂಡರೆ ಹೆದರುವವರು ನಮ್ಮಲ್ಲಿ ಜಾಸ್ತಿ. ಊರಲ್ಲಿ ಬೀದಿ ನಾಯಿ ಅಟ್ಟಿಸಿಕೊಂಡು ಬಂದದ್ದು ಯಾರಿಗೂ ಮರೆತಿರೋದಿಲ್ಲ. "ಏನೂ ಮಾಡಲ್ಲ ಬನ್ನಿ" ಅಂತ ಹೇಳಿದರೆ ಭಯ ಹೋಗೋದಿಲ್ಲ. ನಾಯಿ ಗೋಡೆ ಕಡೆ, ಮಧ್ಯೆ ನಾನು, ಆ ಕಡೆ ಅವರು. ಕುಡಿಯದವರಿಗೆ ಲೈಮ್ ಅಂಡ್ ಸೋಡಾ ಹೇಳಿ, ಬಾರ್‌ನಲ್ಲಿ ಎಲ್ಲಕ್ಕಿಂತ ಅಗ್ಗ ಅದೇ. ಲಂಡನ್ನಿನಲ್ಲಿ ಪೈಂಟ್‌ಗೆ ಆರೇಳು ಪೌಂಡ್ ಕೇಳುತ್ತಾರಲ್ವಾ, ಹಾಗಾಗಿ ನಾನೂ ಎಷ್ಟೋ ಸಲ ಅದನ್ನೇ ಕುಡಿಯೋದು.

ಕೊನೆಗೆ, ಊರಿಂದ ಬಂದವರು ತಪ್ಪದೇ ಕೇಳೋದು: "ಬಸವಣ್ಣನ ಪ್ರತಿಮೆ ನೋಡೋಕೆ ಹೋಗ್ತೀವಿ, ಅಲ್ಲಿ ಹತ್ತಿರ ಯಾವುದಾದರೂ ಇದೆಯಾ?" ಪ್ರತಿಮೆ ಇರೋದು ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ, 2015ರ ನವೆಂಬರ್‌ನಲ್ಲಿ ಅನಾವರಣ ಆದದ್ದು. ಅಲ್ಲಿ ಕೈ ಮುಗಿದು, ನದಿ ಬದಿಯಲ್ಲೇ ವಾಕ್ಸ್‌ಹಾಲ್ ಕಡೆ ನಡೆಯಿರಿ. ರೈಲು ಹಳಿ ದಾಟಿದರೆ ವಾಕ್ಸ್‌ಹಾಲ್ ಪ್ಲೆಶರ್ ಗಾರ್ಡನ್ಸ್ ಅನ್ನುವ ಪಾರ್ಕು ಸಿಗುತ್ತದೆ, ಸುತ್ತಲೂ ಪಬ್ಬುಗಳಿವೆ. ಕಿಟಕಿಯಲ್ಲಿ ಇಣುಕಿ, ಬಟ್ಟಲಿನ ನೀರು ನೋಡಿ, ಒಳಗೆ ಹೋಗಿ ಕೇಳಿ. ವಾಪಸ್ ಬರುವಾಗ ಚಿಂತೆಯಿಲ್ಲ, ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ.