ದಿಢೀರನೆ ಗಣ್ಯರು ಎದುರಾದಾಗ ಕ್ಯಾಮೆರಾ ಹೇಗಿರಬೇಕು

ಸಮಾರಂಭವೋ ಹೋಟೆಲ್ಲೋ ವಿಮಾನ ನಿಲ್ದಾಣವೋ, ಫೋಟೋಗ್ರಾಫರ್ ಬೇರೆ ಕೆಲಸದಲ್ಲಿ ಮುಳುಗಿದ್ದಾಗಲೇ ಹೆಸರಾಂತ ನಟರೋ ಆಟಗಾರರೋ ಎದುರಾಗುತ್ತಾರೆ. ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ. ಆಗ ಸೆಟ್ಟಿಂಗ್ ಹುಡುಕುತ್ತ ನಿಂತರೆ ಅವರು ದಾಟಿ ಹೋಗಿರುತ್ತಾರೆ. ಇಂಥ ಚಿತ್ರದ ಮುಕ್ಕಾಲು ಕೆಲಸ ಅವರು ಬರುವ ಮೊದಲೇ ಮುಗಿದಿರಬೇಕು.

1941ರ ಡಿಸೆಂಬರ್ 30ರಂದು ಒಟ್ಟಾವಾದ ಸಂಸತ್ ಭವನದಲ್ಲಿ ಕೆನಡಾದ ಛಾಯಾಗ್ರಾಹಕ ಯೂಸುಫ್ ಕಾರ್ಶ್ ತೆಗೆದ, ಬ್ರಿಟನ್ ಪ್ರಧಾನಿ ಚರ್ಚಿಲ್ ಚಿತ್ರವನ್ನೇ ನೋಡಿ. ಫೋಟೋ ತೆಗೆಯುತ್ತಾರೆಂದು ಚರ್ಚಿಲ್‌ಗೆ ಯಾರೂ ಹೇಳಿರಲಿಲ್ಲ. ಕಾರ್ಶ್ ಮಾತ್ರ ಹಿಂದಿನ ಸಂಜೆಯೇ ಲೈಟು, ಕ್ಯಾಮೆರಾ ಹೊಂದಿಸಿಟ್ಟಿದ್ದರು. ಕಾರ್ಶ್ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತುಕೊಂಡ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಆ ಹಿಂದಿನ ಸಂಜೆಯೇ ಮುಖ್ಯ.

ನಮಗೆ ಆ ಸಂಜೆ ಸಿಗುವುದಿಲ್ಲ, ಆದರೆ ಹಲವು ಕ್ಯಾಮೆರಾಗಳ ಮೋಡ್ ಡಯಲ್‌ನಲ್ಲಿ ಸಿ1 ಇದೆ, ನಮಗೆ ಬೇಕಾದ ಸೆಟ್ಟಿಂಗ್‌ಗಳನ್ನು ಮೊದಲೇ ಉಳಿಸಿಡುವ ಜಾಗ. ಅದರಲ್ಲಿ ಶಟರ್ 1/250 ಸೆಕೆಂಡ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 4, ಆಟೋ ಐಎಸ್‌ಒ (ಬೆಳಕಿಗೆ ಸಂವೇದನೆ, ಗರಿಷ್ಠ 6400), ಕಣ್ಣು ಗುರುತಿಸುವ ಫೋಕಸ್, ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು) ಸೊನ್ನೆ, ಇಷ್ಟನ್ನು ಉಳಿಸಿಡಿ. ವೇದಿಕೆಗೆಂದು ಇಟ್ಟ ಮೈನಸ್ 2 ಹಾಗೇ ಉಳಿದು ಮುಖ ಕಪ್ಪಾಗುವುದು, ಫೋಕಸ್ ಬಿಂದು ಮೂಲೆಯಲ್ಲೇ ಉಳಿದು ಮುಖದ ಬದಲು ಹಿಂದಿನ ಗೋಡೆ ಸ್ಪಷ್ಟವಾಗಿ ಬರುವುದು, ಇವೆರಡೇ ಹೆಚ್ಚು ಚಿತ್ರಗಳನ್ನು ಕೆಡಿಸುತ್ತವೆ. ಡಯಲ್ ಒಮ್ಮೆ ತಿರುಗಿಸಿದರೆ ಎರಡೂ ಸರಿಯಾಗುತ್ತವೆ.

ಹಿನ್ನೆಲೆ ಮಸುಕಾಗಲೆಂದು ಎಫ್ 1.8 ಆಸೆ ಬೇಡ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿನಿಂದ 2 ಮೀಟರ್ ದೂರಕ್ಕೆ ಎಫ್ 1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 17 ಸೆಂ.ಮೀ.; ಎಫ್ 4ರಲ್ಲಿ ಸುಮಾರು 38. ಗಣ್ಯರು ಒಬ್ಬರೇ ಸಿಗುವುದು ಅಪರೂಪ. ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತ ಆತಿಥೇಯರ ಮುಖವೂ ಸ್ಪಷ್ಟವಾಗಿ ಬರಬೇಕಲ್ಲ! 24 ಮಿ.ಮೀ.ನಲ್ಲಿ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. 35ರಿಂದ 50ರೊಳಗೆ ಇಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲಿ.

ಬೆಳಕಿನಲ್ಲಿ ಎರಡು ಅಪಾಯ. ಎಲ್‌ಇಡಿ ದೀಪಗಳ ಮಿನುಗಿನಿಂದ ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ, ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಶಟರ್ 1/100ಕ್ಕೆ, 60 ಇರುವ ಕಡೆ 1/125ಕ್ಕೆ ಇಳಿಸಿ, ಜನ ನಿಂತ ಕ್ಷಣ ನೋಡಿ ಕ್ಲಿಕ್ಕಿಸಿ. ಇನ್ನೊಂದು, ಅವರು ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ನಿಲ್ಲುವುದು. ಅವರನ್ನು ಸರಿಯಿರಿ ಎನ್ನುವ ಬದಲು ನೀವೇ ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಅವರ ಮುಖವೂ ನಿಮ್ಮತ್ತ ತಿರುಗುತ್ತದೆ. ಫ್ಲ್ಯಾಶ್ ಇದ್ದರೆ ಬಿಳಿ ಚಾವಣಿಗೆ ಬೌನ್ಸ್ ಮಾಡಿ, ಅಂದರೆ ಬೆಳಕು ಅಲ್ಲಿಗೆ ಬಡಿದು ಮುಖಕ್ಕೆ ಇಳಿಯಲಿ. ಬಣ್ಣದ ಚಾವಣಿಯಾದರೆ ಆ ಬಣ್ಣವೇ ಮುಖಕ್ಕೆ ಇಳಿಯುತ್ತದೆ. ಪೂರ್ತಿ ಶಕ್ತಿಯಲ್ಲಿ ಹೊಡೆದ ಫ್ಲ್ಯಾಶ್ ಮತ್ತೆ ತುಂಬಲು ಎರಡು ಮೂರು ಸೆಕೆಂಡ್ ಬೇಕು. ಐಎಸ್‌ಒ 1600ಕ್ಕೆ ಏರಿಸಿದರೆ ಕಡಿಮೆ ಶಕ್ತಿ ಸಾಕಾಗಿ, ಎರಡನೇ ಕ್ಲಿಕ್ಕೂ ಕೂಡಲೇ ಸಿಗುತ್ತದೆ.

ಮೊದಲ ಫ್ರೇಮ್ ಅಗಲವಾಗಿರಲಿ. 1951ರ ಮಾರ್ಚ್ 14ರಂದು ಛಾಯಾಗ್ರಾಹಕ ಆರ್ಥರ್ ಸಾಸ್ ತೆಗೆದ, ಐನ್‌ಸ್ಟೈನ್ ನಾಲಗೆ ಚಾಚಿದ ಚಿತ್ರದಲ್ಲಿ ಅವರ ಅಕ್ಕಪಕ್ಕ ಇಬ್ಬರು ಕುಳಿತಿದ್ದಾರೆ. ಜಗತ್ತು ಕಂಡದ್ದು ಹೆಚ್ಚಾಗಿ ಕತ್ತರಿಸಿದ ರೂಪ. ಅಗಲವಾಗಿ ತೆಗೆದದ್ದನ್ನು ಕತ್ತರಿಸಬಹುದು, ಬಿಟ್ಟುಹೋದದ್ದನ್ನು ಸೇರಿಸಲಾಗದು.

ಕ್ಯಾಮೆರಾ ಎತ್ತುವ ಮೊದಲು ಕಣ್ಣಲ್ಲೇ ಕೇಳಿ, ಸಾಧ್ಯವಾದರೆ ಬಾಯಲ್ಲಿ: "ಸರ್, ಒಂದು ಫೋಟೋ?" ಬೇಡವೆಂದರೆ ಅಲ್ಲಿಗೇ ಬಿಡಿ. ಅಂಗರಕ್ಷಕರಿದ್ದಾಗ ಬ್ಯಾಗಿನೊಳಗೆ ಸರಕ್ಕನೆ ಕೈ ಹಾಕಬೇಡಿ. ಲೆನ್ಸ್ ಬದಲಿಸುವ ಯೋಚನೆಯೂ ಬೇಡ. ಎರಡು ಮೂರು ಕ್ಲಿಕ್, ಒಂದು ಧನ್ಯವಾದ, ಮತ್ತೆ ಹಣ ಕೊಟ್ಟು ಕರೆಸಿದವರ ಕೆಲಸ. ಸ್ವಂತ ಸೆಲ್ಫಿಗೆ ಅಲ್ಲಿ ಜಾಗವಿಲ್ಲ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಅದೇ ರಾತ್ರಿ ಹೆಸರು, ಸ್ಥಳ, ದಿನಾಂಕವನ್ನು ಫೈಲಿನ ಮೆಟಾಡೇಟಾದಲ್ಲಿ (ಚಿತ್ರದ ಜೊತೆಗೇ ಉಳಿಯುವ ಮಾಹಿತಿಯಲ್ಲಿ) ಬರೆದು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಖಾಸಗಿ ಸಮಾರಂಭದ ಚಿತ್ರವನ್ನು ಆತಿಥೇಯರನ್ನು ಕೇಳದೆ ಹಂಚಬೇಡಿ. ಆ ಮುಖವನ್ನು ನಿಮ್ಮ ಸ್ಟುಡಿಯೋದ ಜಾಹೀರಾತಿಗೆ ಬಳಸುವುದಾದರೆ, ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆ ಬೇರೆಯೇ ಪಡೆಯಬೇಕು.