ಫೋಟೋನೇ ಇಲ್ಲವಲ್ಲ, ಮುಖ ಎಲ್ಲಿಂದ ತರ್ತೀರಿ?

ಚರಿತ್ರೆ ಪಕ್ಕಕ್ಕೆ ತಳ್ಳಿದ ಹೆಂಗಸರ ಭಾವಚಿತ್ರ ಬರೆಯುತ್ತೇನೆ ಅಂದರೆ ಸಾಕು, ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಕೇಳುವ ಧಾಟಿ ಹೇಗಿರುತ್ತದೆಂದರೆ, ನಾನೇನೋ ಖೋಟಾ ನೋಟು ಅಚ್ಚು ಹಾಕುತ್ತಿದ್ದೇನೆ ಎಂಬಂತೆ. ಸಾವಿರ ವರ್ಷ ಹಿಂದಿನ ರಾಜರ ಮೀಸೆಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ!

ಉತ್ತರ ಸಣ್ಣದು. ಇಲ್ಲದ ಮುಖವನ್ನು ನಾನು ತರುವುದಿಲ್ಲ. ಮುಖ ಅತ್ತ ತಿರುಗಿರುತ್ತದೆ, ಇಲ್ಲವೇ ನೆರಳಲ್ಲಿರುತ್ತದೆ. ಬರೆಯಲೇಬೇಕಾದರೆ ಕೆಳಗೆ 'ಕಾಲ್ಪನಿಕ' ಎಂದು ಹಾಕುತ್ತೇನೆ. ಮುಗಿಯಿತು.

ನಿಜವಾದ ತಲೆನೋವು ಫೋಟೋ ಇರುವವರದ್ದು. 19ನೇ ಶತಮಾನದಲ್ಲಿ ಫೋಟೋ ತೆಗೆಯುತ್ತಿದ್ದ ಗಾಜಿನ ಪ್ಲೇಟುಗಳಿಗೆ ಕಾಣುತ್ತಿದ್ದದ್ದು ಹೆಚ್ಚಾಗಿ ನೀಲಿ ಬೆಳಕು. ಕೆಂಪು, ಹಳದಿ ಎರಡೂ ಕಪ್ಪಾಗಿ ಬೀಳುತ್ತಿದ್ದವು, ತಿಳಿನೀಲಿ ಬೆಳ್ಳಗಾಗುತ್ತಿತ್ತು. ನೀಲಿ ಕಣ್ಣು ಬಣ್ಣವೇ ಇಲ್ಲದಂತೆ, ಮುಖದ ಸಣ್ಣ ಕಲೆ ಮಸಿ ಚುಕ್ಕಿಯಂತೆ. ಇದು ಗೊತ್ತಿಲ್ಲದೆ ನಕಲು ಮಾಡಿದವರು ಕೆಂಪು ಗೌನಿನವಳಿಗೆ ಸೂತಕದ ಕಪ್ಪು ತೊಡಿಸಿ, ಅವಳಿಗೆ ಹತ್ತು ವರ್ಷ ವಯಸ್ಸನ್ನೂ ಏರಿಸುತ್ತಾರೆ. ಬಣ್ಣದ ಬಗ್ಗೆ ಪತ್ರದಲ್ಲೋ ಉಳಿದ ಬಟ್ಟೆಯಲ್ಲೋ ಆಧಾರ ಸಿಗದಿದ್ದರೆ ಮಂಕು ಬಣ್ಣವೇ ಕ್ಷೇಮ. ಬೆಳ್ಳಿ ಲೇಪದ ತಾಮ್ರದ ತಗಡಿನ ಹಳೇ ಫೋಟೋ ಆದರೆ ಇನ್ನೊಂದು ಗುಂಡಿ: ಅದು ಸಾಮಾನ್ಯವಾಗಿ ಕನ್ನಡಿಬಿಂಬ. ಬೈತಲೆ, ಮಚ್ಚೆ ಪಕ್ಕ ಬದಲಾಗಿರುತ್ತವೆ.

ಆಮೇಲೆ ಅಳತೆ. ಆ ಕಾಲದ ಕಾರ್ಡ್ ಫೋಟೋ ಸುಮಾರು 54 × 89 ಮಿ.ಮೀ. ನಿಂತ ಭಂಗಿಯಾದರೆ ತಲೆ 1 ಸೆಂ.ಮೀ. ಇದ್ದರೆ ಹೆಚ್ಚು. ಅದನ್ನು 20 ಸೆಂ.ಮೀ.ಗೆ ಹಿಗ್ಗಿಸಿದಾಗ ಅರ್ಧ ಮಿಲಿಮೀಟರ್ ತಪ್ಪು 1 ಸೆಂ.ಮೀ. ಆಗುತ್ತದೆ, ಒಂದು ಹುಬ್ಬು ಜಾರಿದರೆ ಅವಳ ಬದಲು ಅವಳ ಚಿಕ್ಕಮ್ಮ ಕೂತಿರುತ್ತಾಳೆ. ಫೋಟೋ, ಕ್ಯಾನ್ವಾಸ್ ಎರಡರ ಮೇಲೂ ಚೌಕ ಎಳೆದು ಬರೆದರೂ ಉಳಿಗಾಲವಿಲ್ಲ, ಮಸುಕೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಕಣ್ಣು ಕಿರಿದು ಮಾಡಿ ನಾಲ್ಕೈದು ಬೆಳಕು-ನೆರಳಿನ ತುಂಡುಗಳನ್ನಷ್ಟೇ ಹಿಡಿಯಬೇಕು. ರೆಪ್ಪೆ ಕೊನೆಗೆ.

ತೈಲವರ್ಣದಲ್ಲಿ ಚರ್ಮಕ್ಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕುಂಕುಮ ಕೆಂಪು), ಐವರಿ ಬ್ಲ್ಯಾಕ್ (ಕಪ್ಪು), ಬಿಳಿ. ಈ ನಾಲ್ಕರಲ್ಲಿ ಬಹಳ ದೂರ ಹೋಗಬಹುದು. ಕಪ್ಪು ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ) ಬೆರೆಸಿ. ಬರೀ ಕಪ್ಪು ಹಾಕಿದರೆ ಮುಖ ಸತ್ತುಹೋಗುತ್ತದೆ. ಬೆಳಕಿಗೆಂದು ಟೈಟೇನಿಯಂ ವೈಟ್ ಸುರಿದರೆ ಸುಣ್ಣ ಬಳಿದ ಗೋಡೆ. ಮೊದಲ ಪದರ ಟರ್ಪೆಂಟೈನ್ ಹಾಕಿ ತೆಳ್ಳಗೆ, ಮೇಲಿನವು ಎಣ್ಣೆ ಹೆಚ್ಚಿಸುತ್ತಾ. ಉಲ್ಟಾ ಮಾಡಿದರೆ ಬಿರುಕು ಖಂಡಿತ. 'ಸ್ವಲ್ಪ ಚೆಂದ ಮಾಡಿ, ನಗಿಸಿ' ಅನ್ನುವವರಿಗೆ: ಅವಳು ಕ್ಯಾಮೆರಾ ಮುಂದೆ ಹಲವು ಸೆಕೆಂಡು ಅಲುಗಾಡದೆ ಕೂತವಳು, ನೀವು ಕೂತು ನಗಿ ನೋಡೋಣ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಅವಳ ಕೈಯಲ್ಲಿ ಏನಿದೆ? ಪಳೆಯುಳಿಕೆ ಅಗೆದ ಮೇರಿ ಆನಿಂಗ್‌ಗೆ (1799–1847) ಹಳೇ ತೈಲಚಿತ್ರದಲ್ಲೇ ಸುತ್ತಿಗೆ, ಬುಟ್ಟಿ, ಜೊತೆಗೆ ನಾಯಿ ಸಿಕ್ಕಿವೆ. ಆ ಕಲಾವಿದನಿಗೆ ಕೆಲಸ ಗೊತ್ತಿತ್ತು. ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್‌ಗೆ ಅಷ್ಟು ಅದೃಷ್ಟವಿಲ್ಲ. ಕೆಲವು ನಕ್ಷತ್ರಗಳ ಬೆಳಕು ಏರಿಳಿಯುವ ಅವಧಿಗೂ ಅವುಗಳ ಪ್ರಕಾಶಕ್ಕೂ ಇರುವ ನಂಟನ್ನು 1912ರಲ್ಲಿ ತೋರಿಸಿದವಳನ್ನು ದೂರದರ್ಶಕದ ಪಕ್ಕ, ಬಿಳಿ ಚುಕ್ಕಿಗಳ ಆಕಾಶದ ಕೆಳಗೆ ನಿಲ್ಲಿಸಿಬಿಡುತ್ತಾರೆ. ಆ ಕೆಲಸ ನಡೆದದ್ದು ಮೇಜಿನ ಮೇಲೆ, ಆಕಾಶದ ಫೋಟೋ ಇದ್ದ ಗಾಜಿನ ಪ್ಲೇಟಿನಲ್ಲಿ. ಪ್ಲೇಟು ನೆಗೆಟಿವ್, ಆದ್ದರಿಂದ ಆಕಾಶ ತಿಳಿ, ನಕ್ಷತ್ರ ಕಪ್ಪು. ಪ್ಲೇಟನ್ನು ಓರೆ ಚೌಕಟ್ಟಿನಲ್ಲಿಟ್ಟು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕನ್ನು ಅದರೊಳಗೆ ಹಾಯಿಸುತ್ತಿದ್ದರು. ಹಾಗಾಗಿ ಅವಳ ಮುಖಕ್ಕೆ ಬೆಳಕು ಬೀಳಬೇಕಾದ್ದು ಕೆಳಗಿನಿಂದ, ಗದ್ದದಡಿಗೆ. ಹಗಲಿನ ಬೆಳಕಾದ್ದರಿಂದ ಆ ಬಿಳಿಗೆ ಚೂರೇ ಚೂರು ನೀಲಿ.