ನೋವು ಬಂದರೆ ಹಲ್ಲು ಕೀಳೋದು ತಾನೇ, ಅದಕ್ಕೆ ಮತ್ತೆರಡು ವರ್ಷ ಓದಬೇಕಾ?

ಮದುವೆ, ನಾಮಕರಣ, ಎಲ್ಲಿಗೆ ಹೋದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ನೀನು ಹಲ್ಲಿನ ಡಾಕ್ಟರು ತಾನೇ ಕಣಮ್ಮಾ? ನೋವು ಬಂದರೆ ಕೀಳೋದು, ಇಲ್ಲಾ ರೂಟ್ ಕೆನಾಲ್ ಮಾಡೋದು. ಅಮೆರಿಕಕ್ಕೆ ಹೋಗಿ ಮತ್ತೆರಡು ವರ್ಷ ಓದೋ ಅಂಥದ್ದೇನಿತ್ತು?" ಜೂನಿಯರ್‌ಗಳು ಕೇಳೋದೂ ಹೆಚ್ಚುಕಡಿಮೆ ಇದನ್ನೇ: "ಮೇಡಂ, ಓರೋಫೇಶಿಯಲ್ ಪೇಯ್ನ್‌ಗೆ ಸ್ಕೋಪ್ ಇದೆಯಾ?" ಓರೋಫೇಶಿಯಲ್ ಪೇಯ್ನ್ ಅಂದರೆ ಬಾಯಿ, ದವಡೆ, ಮುಖದ ನೋವುಗಳನ್ನು ನೋಡುವ ವಿಭಾಗ, ನಾನು ಆ ಎರಡು ವರ್ಷ ಓದಿದ್ದು ಅದನ್ನೇ. ಇಬ್ಬರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಹಲ್ಲಲ್ಲಿ ನೋವು ಅಂತ ಬಂದವರಿಗೆಲ್ಲ ಹಲ್ಲಿನ ತೊಂದರೆಯೇ ಇರುತ್ತದೆ ಅಂತಿಲ್ಲ. ಬೇರೆ ಎಲ್ಲಿಂದಲೋ ಬಂದ ನೋವಿಗೆ ಹಲ್ಲು ಕಿತ್ತರೆ ಹಲ್ಲು ಹೋಗುತ್ತದೆ, ನೋವು ಅಲ್ಲೇ ಇರುತ್ತದೆ. ಆಮೇಲೆ ಪಕ್ಕದ ಹಲ್ಲಿನ ಮೇಲೆ ಅನುಮಾನ. ಹೀಗೆ ಒಂದೊಂದಾಗಿ ಮೂರು ನಾಲ್ಕು ಹಲ್ಲು ಕಳೆದುಕೊಂಡು ಬಂದವರನ್ನು ಈ ವಿಭಾಗದಲ್ಲಿ ಕೆಲಸ ಮಾಡುವ ಎಲ್ಲರೂ ನೋಡಿರುತ್ತಾರೆ.

ಇದರಲ್ಲಿ ಎಲ್ಲರಿಗಿಂತ ಜಾಸ್ತಿ ಸೋಲುವವರು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರುವವರು. ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಕೆಲವೊಮ್ಮೆ ಬರೀ ಫ್ಯಾನ್ ಗಾಳಿ ತಾಗಿದರೂ ಕರೆಂಟ್ ಹೊಡೆದಂಥ ನೋವು. ಕೆಲವೇ ಸೆಕೆಂಡು ಇರುತ್ತದೆ, ಮತ್ತೆ ಬರುತ್ತದೆ. ಮುಖದ ಸ್ಪರ್ಶ ಹೊತ್ತೊಯ್ಯುವ ನರದ್ದೇ ಈ ತೊಂದರೆ. ಎಷ್ಟೋ ಸಲ ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಆ ನರವನ್ನು ಒತ್ತುತ್ತಿರುತ್ತದೆ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕೆಲಸ ಮಾಡುವುದು ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್. ಅದನ್ನೂ ಸುಮ್ನೆ ಬರೆದುಕೊಡೋ ಹಾಗಿಲ್ಲ. ಎಚ್‌ಎಲ್‌ಎ-ಬಿ 1502 ಅನ್ನುವ ಜೀನ್ ಇದ್ದವರಿಗೆ ಅದರಿಂದ ಮೈಯ ಚರ್ಮವೇ ಸುಲಿದುಹೋಗುವಷ್ಟು ಅಪಾಯವಾಗಬಹುದು. ಆ ಜೀನ್ ಏಷ್ಯಾದ ಕಡೆಯವರಲ್ಲೇ ಹೆಚ್ಚು. ಅದಕ್ಕೇ ಮೊದಲು ಪರೀಕ್ಷೆ ಮಾಡಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಎಚ್ಚರಿಸಿತ್ತು. ಹಲ್ಲಿನ ಡಾಕ್ಟರಾಗಲು ಓದುವ ಬಿಡಿಎಸ್‌ನಲ್ಲಿ ಈ ಮಾತ್ರೆಯ ಹೆಸರು ಪರೀಕ್ಷೆಗೆ ಅಂತ ಉರು ಹೊಡೆದಿರುತ್ತೇವೆ. ಡೋಸ್ ಏರಿಸುವುದು, ರಕ್ತ ಪರೀಕ್ಷೆ ನೋಡುವುದು, ರೋಗಿ ತಲೆಸುತ್ತು ಅಂದಾಗ ಏನು ಮಾಡುವುದು, ಇದನ್ನೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು.

ಇನ್ನೊಂದು ಸೋಜಿಗ ಕೆನ್ನೆಯ ಸ್ನಾಯು. ಅಗಿಯಲು ಬಳಸುವ ಮ್ಯಾಸೆಟರ್ ಸ್ನಾಯುವಿನಲ್ಲಿ ಗಂಟು ಬಿದ್ದ ಜಾಗವನ್ನು ಬೆರಳಿಂದ ಒತ್ತಿ ಹಿಡಿದರೆ ರೋಗಿ ಕೆಳಗಿನ ದವಡೆಹಲ್ಲು ತೋರಿಸಿ, "ಅಯ್ಯೋ, ಇದೇ ನೋವು!" ಅನ್ನುತ್ತಾರೆ. ಹಲ್ಲು, ಸ್ನಾಯು, ದವಡೆ ಕೀಲು, ಕುತ್ತಿಗೆಯ ಮೇಲ್ಭಾಗ, ಎಲ್ಲದರ ನೋವಿನ ಸುದ್ದಿಯೂ ಮೆದುಳಿನ ಕಾಂಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತದೆ. ವಠಾರದ ಎಲ್ಲ ಮನೆಗೂ ಸೇರಿ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ಬೆಲ್ ಆಗಿದ್ದು ಕೇಳಿಸುತ್ತದೆ, ಯಾರ ಮನೆಗೆ ಬಂದವರೋ ಗೊತ್ತಾಗುವುದಿಲ್ಲ. ಪತ್ತೆ ಮಾಡಲು ಒಂದು ಸುಲಭದ ದಾರಿ ಇದೆ. ಅನುಮಾನ ಇರುವ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಯುವುದು. ತುಟಿ, ಹಲ್ಲು ಎಲ್ಲ ಮರಗಟ್ಟಿದ ಮೇಲೂ ನೋವು ಹಾಗೇ ಇದ್ದರೆ ಬೇರೆ ಕಡೆ ಹುಡುಕಬೇಕು. ಒಂದು ಸಿರಿಂಜ್ ಸಾಕು, ಸ್ಕ್ಯಾನೂ ಬೇಡ. ಎಷ್ಟು ಕ್ಲಿನಿಕ್‌ಗಳಲ್ಲಿ ಹಲ್ಲು ಕೀಳುವ ಮೊದಲು ಹೀಗೆ ಐದು ನಿಮಿಷ ಕಾಯುತ್ತಾರೆ?

ಕೆಲವು ನೋವುಗಳಲ್ಲಿ ತಡ ಮಾಡುವ ಹಾಗೇ ಇಲ್ಲ. ಮೆಟ್ಟಿಲು ಹತ್ತುವಾಗ ದವಡೆ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ ಅಂದರೆ ಅದು ಹೃದಯದ್ದಿರಬಹುದು. ಐವತ್ತು ದಾಟಿದವರು "ಊಟ ಮಾಡ್ತಾ ಮಾಡ್ತಾ ದವಡೆ ಸೋತು ಹೋಗುತ್ತೆ, ಈಚೆಗೆ ಕಣತಲೆಯೂ ನೋಯ್ತಿದೆ" ಅಂದರೆ ಅವರ ತಲೆಯ ರಕ್ತನಾಳಗಳಲ್ಲಿ ಉರಿಯೂತ ಇರಬಹುದು. ಆ ಕಾಯಿಲೆಗೆ ಬೇಗ ಸ್ಟೀರಾಯ್ಡ್ ಶುರು ಮಾಡದಿದ್ದರೆ ಕಣ್ಣೇ ಹೋಗಬಹುದು. ಅಂಥವರನ್ನು ಕೂರಿಸಿಕೊಂಡು ಹಲ್ಲಿನ ಎಕ್ಸ್‌ರೇ ತೆಗೆಯುತ್ತಾ ವಾರ ಕಳೆಯುವಂತಿಲ್ಲ.

ಇನ್ನು ದವಡೆ ಕೀಲು. ಬಾಯಿ ತೆಗೆದಾಗ ಕಿವಿಯ ಮುಂದೆ ಲಟಕ್ ಅನ್ನುತ್ತದೆ ಅಂತ ಹೆದರಿ ಬರುವವರು ಬಹಳ. ನೋವಿಲ್ಲ, ಬಾಯಿ ಪೂರ್ತಿ ತೆಗೆಯಲು ಆಗುತ್ತದೆ ಅಂದರೆ ಬರೀ ಶಬ್ದಕ್ಕೆ ಚಿಕಿತ್ಸೆ ಬೇಕಾಗಿಲ್ಲ. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹಿಡಿಸಿದರೆ, ಅಂದರೆ ಸುಮಾರು 40 ಮಿಲಿಮೀಟರ್, ಸಾಕು.

ಇಷ್ಟು ಸಣ್ಣ ಮಾತಿಗೆ ಬರಲು ನಮ್ಮ ವೃತ್ತಿಗೆ ದಶಕಗಳೇ ಬೇಕಾದವು. 1934ರಲ್ಲಿ ಜೇಮ್ಸ್ ಕಾಸ್ಟನ್ ಅನ್ನುವ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು ದವಡೆ, ಕಿವಿ, ತಲೆ ನೋವಿಗೆಲ್ಲ ಹಲ್ಲು ಉದುರಿ ಕಚ್ಚುವ ರೀತಿ ಕೆಟ್ಟದ್ದೇ ಕಾರಣ ಅಂದರು. ಆಮೇಲೆ ಹಲ್ಲಿನ ಡಾಕ್ಟರುಗಳು ವರ್ಷಗಟ್ಟಲೆ ಕಚ್ಚು ಸರಿಮಾಡುತ್ತೇವೆ ಅಂತ ಒಳ್ಳೆಯ ಹಲ್ಲುಗಳನ್ನು ಉಜ್ಜಿ ತೆಗೆದರು, ಕ್ಯಾಪ್ ಹಾಕಿದರು. 1980ರ ದಶಕದಲ್ಲಿ ಕೀಲಿನೊಳಗೆ ಟೆಫ್ಲಾನ್ ಇರುವ ಇಂಪ್ಲಾಂಟ್ ಇಟ್ಟರು. ಅದು ಸವೆದು ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ಹಾಳುಮಾಡಿತು. ಎಷ್ಟೋ ಜನರಿಗೆ ಮತ್ತೆ ಮತ್ತೆ ಆಪರೇಷನ್ ಆಯಿತು. ಕೊನೆಗೆ ಎಫ್‌ಡಿಎ ಅವನ್ನು ಮಾರುಕಟ್ಟೆಯಿಂದ ತೆಗೆಸಿತು. ತರಬೇತಿಯಲ್ಲಿ ಈ ಕಥೆಯನ್ನು ಓದಿಯೇ ಮುಂದೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ದವಡೆ ಕೀಲು, ಸ್ನಾಯುಗಳ ತೊಂದರೆ ಪತ್ತೆಗೆ ಈಗ ನಾವು ಬಳಸುವ ಡಿಸಿ-ಟಿಎಂಡಿ ಅನ್ನುವ ಪರೀಕ್ಷಾ ಕ್ರಮ 2014ರದು. ಅದರಲ್ಲಿ ಎರಡು ಭಾಗ. ಒಂದು ಕೀಲು, ಸ್ನಾಯು ನೋಡುವುದು. ಇನ್ನೊಂದು ಆತಂಕ, ಖಿನ್ನತೆ, ನೋವಿನಿಂದ ದಿನದ ಕೆಲಸ ಎಷ್ಟು ಕೆಟ್ಟಿದೆ ಅಂತ ಕೇಳುವುದು. ಎರಡನೆಯದನ್ನು ನಮ್ಮವರು ಬೇಗ ಬಿಟ್ಟುಬಿಡುತ್ತಾರೆ. ಆದರೆ ಆರೋಗ್ಯವಾಗಿದ್ದ ಜನರನ್ನು ವರ್ಷಗಳ ಕಾಲ ಹಿಂಬಾಲಿಸಿ, ಯಾರಿಗೆ ದವಡೆ ನೋವು ಶುರುವಾಗುತ್ತದೆ ಅಂತ ನೋಡಿದ ಒಪ್ಪೆರಾ ಎಂಬ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ನಿದ್ದೆ ಕೆಡುವುದು, ಮೈಯ ಬೇರೆ ಕಡೆ ನೋವುಗಳು, ಮಾನಸಿಕ ಒತ್ತಡ ಇವೆಲ್ಲ ಎದ್ದು ಕಂಡವು. 2023ರ ಕೊನೆಗೆ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿಯೂ ಹಳೆಯ ದವಡೆ ನೋವಿಗೆ ಮೊದಲು ಹೇಳುವುದು ವ್ಯಾಯಾಮ, ಸ್ನಾಯುಗಳನ್ನು ಕೈಯಿಂದ ಸಡಿಲಿಸುವುದು, ಯೋಚನೆ, ಅಭ್ಯಾಸಗಳನ್ನು ಮಾತಿನ ಮೂಲಕ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಇಂಥವನ್ನೇ. ರಾತ್ರಿ ಹಲ್ಲಿನ ಮೇಲೆ ಕವಚದ ಹಾಗೆ ಹಾಕುವ ಸ್ಪ್ಲಿಂಟ್ ಬಗ್ಗೆಯೂ ಅದಕ್ಕೆ ಒಲವಿಲ್ಲ. ಹಲ್ಲು ಮಸೆಯುವವರಿಗೆ ಹಲ್ಲು ಸವೆಯದಿರಲಿ ಅಂತ ನಾನು ಸ್ಪ್ಲಿಂಟ್ ಕೊಡುತ್ತೇನೆ. ಇದರಿಂದ ನೋವು ವಾಸಿಯಾಗುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಹಗಲು ಹೊತ್ತು ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ ಅನ್ನುವ ಪುಕ್ಕಟೆ ಸಲಹೆಯಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ.

ಹಾಗಾದರೆ ಎರಡು ವರ್ಷ ಏನು ಮಾಡಿಸುತ್ತಾರೆ? ಹೊಸ ರೋಗಿಯ ಕಥೆಯನ್ನು ಪೂರ್ತಿ ಕೇಳಿಸುತ್ತಾರೆ, ಅದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ತಲೆ, ಕುತ್ತಿಗೆಯ ಪ್ರತಿ ಸ್ನಾಯು ಮುಟ್ಟಿ ನೋಡಿಸುತ್ತಾರೆ, ಮುಖದ ನರಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿಸುತ್ತಾರೆ. ನ್ಯೂರಾಲಜಿ, ತಲೆನೋವಿನ ಕ್ಲಿನಿಕ್, ಸಂಧಿವಾತ, ನಿದ್ದೆಯ ಕಾಯಿಲೆ, ಮನಶ್ಶಾಸ್ತ್ರ, ಫಿಸಿಯೋಥೆರಪಿಯವರ ಜೊತೆ ಕೂರಿಸುತ್ತಾರೆ. ಸ್ನಾಯುವಿನ ಗಂಟಿಗೆ ಕೊಡುವ ಟ್ರಿಗರ್ ಪಾಯಿಂಟ್ ಇಂಜೆಕ್ಷನ್, ನರವನ್ನೇ ಮರಗಟ್ಟಿಸುವ ನರ್ವ್ ಬ್ಲಾಕ್, ಗೊರಕೆಗೆ ಹಾಕುವ ದವಡೆಯ ಸಾಧನ, ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಅನ್ನು ನೋವಿಗೆ ಸಣ್ಣ ಡೋಸ್‌ನಲ್ಲಿ ಕೊಡುವ ಲೆಕ್ಕಾಚಾರ ಎಲ್ಲ ಬರುತ್ತದೆ. ಡ್ರಿಲ್ ಮುಟ್ಟುವ ಕೆಲಸ ಇಲ್ಲವೇ ಇಲ್ಲ ಅನ್ನಬಹುದು.

ಅಮೆರಿಕದಲ್ಲಿ ಇದಕ್ಕೆ ದಂತವೈದ್ಯದ 12ನೇ ವಿಶೇಷ ವಿಭಾಗ ಅಂತ ಮಾನ್ಯತೆ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ. ಕೆಂಟಕಿ, ರಟ್ಗರ್ಸ್, ಟಫ್ಟ್ಸ್, ಯುಸಿಎಲ್‌ಎ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಮೊದಲಿನಿಂದಲೇ ತರಬೇತಿ ಇತ್ತು. ನಮ್ಮಲ್ಲಿ ಬಿಡಿಎಸ್ ಆದಮೇಲೆ ಓದುವ ಮೂರು ವರ್ಷದ ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗ, ಅದರಲ್ಲಿ ಇದು ಇಲ್ಲ. ಬಾಯಿಯ ಕಾಯಿಲೆ ನೋಡುವ ಓರಲ್ ಮೆಡಿಸಿನ್‌ನವರು ಸ್ವಲ್ಪ, ಕೃತಕ ಹಲ್ಲು ಕಟ್ಟುವ ಪ್ರೊಸ್ತೊದವರು ಸ್ವಲ್ಪ, ಸರ್ಜರಿಯವರು ಸ್ವಲ್ಪ ನೋಡುತ್ತಾರೆ. ರೋಗಿ ಮೂವರ ನಡುವೆ ಓಡಾಡುತ್ತಿರುತ್ತಾರೆ.

ಇಲ್ಲಿಂದ ಹೋದವರಿಗೆ ಒಂದು ಅನುಕೂಲವೂ ಇದೆ. ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಗೆಲ್ಲ ಗಡುಸಾಗಿ ಬಾಯಿ ತೆಗೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನು ನಾವು ಕಾಲೇಜು ಒಪಿಡಿಯಲ್ಲಿ ಧಾರಾಳವಾಗಿ ನೋಡಿರುತ್ತೇವೆ. ಬಾಯಿ ತೆಗೆಯಲಾಗದ ರೋಗಿ ಬಂದರೆ ಕೀಲಿನ ಸ್ಕ್ಯಾನ್ ಬರೆಯುವ ಮೊದಲು ಕೆನ್ನೆಯ ಒಳಗೆ ಬೆರಳಾಡಿಸಿ ನೋಡುವ ಅಭ್ಯಾಸ ನಮಗೆ ತಾನಾಗಿಯೇ ಇರುತ್ತದೆ.

ಸ್ಕೋಪ್ ವಿಷಯ. ರೋಗಿಗಳಿಗೆ ಬರ ಇಲ್ಲ, ದುಡ್ಡಿಗೆ ಇದೆ. ಅಮೆರಿಕದಲ್ಲಿ ಹಲ್ಲಿನ ಇನ್ಶೂರೆನ್ಸ್‌ನವರು ಇದು ಮೆಡಿಕಲ್ ಅಂತಾರೆ, ಮೆಡಿಕಲ್‌ನವರು ಇದು ಡೆಂಟಲ್ ಅಂತಾರೆ. ಇಲ್ಲಿ ಇನ್ನೊಂದು ಥರ. "ಏನೂ ಮಾಡಲೇ ಇಲ್ಲ, ಬರೀ ಮಾತಾಡಿದ್ರು, ಅದಕ್ಕೂ ಫೀಸಾ?" ಅಂತ ರಿಸೆಪ್ಷನ್‌ನಲ್ಲಿ ಜಗಳ ಆಗುತ್ತದೆ.

ಅದಕ್ಕೇ ಜೂನಿಯರ್‌ಗಳಿಗೆ ಹೇಳೋದು, ಅರ್ಜಿ ಹಾಕುವ ಮೊದಲು ಓರಲ್ ಮೆಡಿಸಿನ್ ಒಪಿಡಿಯಲ್ಲಿ ಕೆಲವು ವಾರ ಕೂತು ನೋಡಿ. ಉದ್ದುದ್ದ ಕಥೆ ಕೇಳಲು ಬೇಜಾರಾದರೆ ಹಲ್ಲಿಗೆ ತಂತಿ ಹಾಕುವ ಆರ್ಥೋನೋ, ಕೃತಕ ಹಲ್ಲು ಕೂರಿಸುವ ಇಂಪ್ಲಾಂಟೋ ನೋಡಿಕೊಳ್ಳಿ, ತಪ್ಪೇನಿಲ್ಲ. ಬೇಜಾರಾಗದಿದ್ದರೆ ಅರ್ಜಿ ಹಾಕಿ. ಕೆಲವು ಕಡೆ ಸ್ಟೈಪೆಂಡ್ ಕೊಡುತ್ತಾರೆ, ಕೆಲವು ಕಡೆ ನೀವೇ ದೊಡ್ಡ ಫೀಸು ಕಟ್ಟಬೇಕು. ಕೋರ್ಸ್‌ಗೆ ಅಲ್ಲಿನ ದಂತವೈದ್ಯ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೋಡಾ ಸಂಸ್ಥೆಯ ಮಾನ್ಯತೆ ಇದೆಯಾ, ಭಾರತದ ಬಿಡಿಎಸ್ ಇಟ್ಟುಕೊಂಡು ಆಮೇಲೆ ಆ ರಾಜ್ಯದಲ್ಲಿ ಲೈಸೆನ್ಸ್ ಸಿಗುತ್ತದಾ, ಎರಡನ್ನೂ ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಲೋನ್ ಮಾತು ಅದಾದ ಮೇಲೆ.